ಬೋಟು ನಿಂತ ವಾರ ಇಳಿದ ಅಂಕ: ಭುಜನೋವಿನ ಪ್ರಶ್ನಾವಳಿಯ ಒಂದು ಪ್ರಕರಣ

ಹಿನ್ನೆಲೆ

ಕುಮಟಾ ಮತ್ತು ಅಂಕೋಲಾ ನಡುವಿನ ಒಂದು ಊರು. ಅಲ್ಲಿನ ಮಹಿಳೆಯೊಬ್ಬರು ಎಡ ಭುಜದ ನೋವಿಗೆ ನಮ್ಮ ಫಿಸಿಯೋಥೆರಪಿ ಕೇಂದ್ರಕ್ಕೆ ಬಂದರು. ವಯಸ್ಸು ಐವತ್ತು ದಾಟಿದೆ. ಮೀನು ಮಾರುವುದು ಕೆಲಸ. ಬೆಳಿಗ್ಗೆ ದಕ್ಕೆಯಲ್ಲಿ ಬಂಗಡೆ, ತಾರ್ಲೆ ಕೊಂಡು, ಬುಟ್ಟಿ ತಲೆಯ ಮೇಲಿಟ್ಟು ಮನೆ ಮನೆಗೆ ಹೋಗುತ್ತಾರೆ. ಗುರುತು ಸಿಗಬಾರದೆಂದು ಊರು, ವಯಸ್ಸು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಕೇಂದ್ರದಲ್ಲಿ ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ಇಲ್ಲೂ ಹಾಗೇ ಕರೆಯುತ್ತೇನೆ.

ನೋವು ಶುರುವಾಗಿ ತಿಂಗಳುಗಳೇ ಕಳೆದಿದ್ದವು. ಮೊದಲು ರಾತ್ರಿ ನೋವು, ಆಮೇಲೆ ಕೈ ಎತ್ತಲು ಆಗದ ಸ್ಥಿತಿ. ಅವರ ಮಾತಲ್ಲೇ ಹೇಳುವುದಾದರೆ "ರಟ್ಟೆ ಕಟ್ಟಿ ಹಾಕಿದ ಹಂಗೆ ಆಗಿದೆ." ಎಕ್ಸ್‌ರೇಯಲ್ಲಿ ತೊಂದರೆ ಕಾಣಲಿಲ್ಲ. ಮೊಣಕೈಯನ್ನು ಮೈಗೆ ಒತ್ತಿಟ್ಟು ಮುಂಗೈಯನ್ನು ಹೊರಗೆ ತಿರುಗಿಸಿದರೆ 10 ಡಿಗ್ರಿಗೇ ನಿಲ್ಲುತ್ತಿತ್ತು. ಅವರೇ ತಿರುಗಿಸಿದರೂ ಅಷ್ಟೇ, ನಾವು ಹಿಡಿದು ತಿರುಗಿಸಿದರೂ ಅಷ್ಟೇ. ಇದು ಭುಜದ ಕೀಲು ಬಿಗಿದುಹೋಗುವ ಕಾಯಿಲೆಯಾದ ಫ್ರೋಜನ್ ಶೋಲ್ಡರ್‌ನ ಮುಖ್ಯ ಲಕ್ಷಣ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ. ಅಕ್ಕನಿಗೂ ಸಕ್ಕರೆ ಇತ್ತು, ಹತೋಟಿಯಲ್ಲಿ ಇರಲಿಲ್ಲ. ಹಾಗಾಗಿ ಮೂಳೆ ವೈದ್ಯರು ಕೀಲಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುವುದನ್ನು ಮುಂದೆ ಹಾಕಿದರು. ಆ ಇಂಜೆಕ್ಷನ್ ಕೆಲವು ದಿನ ಸಕ್ಕರೆ ಏರಿಸುತ್ತದೆ. ಮೊದಲು ಸಕ್ಕರೆ ಇಳಿಯಲಿ, ಅಲ್ಲಿಯವರೆಗೆ ವ್ಯಾಯಾಮ ನಡೆಯಲಿ ಎಂದು ಮಾತಾಯಿತು.

ಕಾಯಿಲೆ, ಚಿಕಿತ್ಸೆ ಎರಡೂ ಮಾಮೂಲಿ. ಇದನ್ನು ಬರೆಯುತ್ತಿರುವುದು ಅವರ ನೋವನ್ನು ಅಳೆಯಲು ಬಳಸಿದ ಪ್ರಶ್ನಾವಳಿಗಾಗಿ. ಒಂದೇ ಭುಜಕ್ಕೆ ಅದು ಒಂದೊಂದು ಸಲ ಒಂದೊಂದು ಅಂಕ ಕೊಟ್ಟಿತು. ಆ ಅಂಕವನ್ನು ನೋಡಿಯೇ ಚಿಕಿತ್ಸೆಯ ದಾರಿ ಬದಲಾಗುವ ಸಂದರ್ಭ ಬಂತು.

ಯಾವ ಪ್ರಶ್ನಾವಳಿ, ಯಾಕೆ

ಭುಜಕ್ಕೆಂದು ಹಲವು ಪ್ರಶ್ನಾವಳಿಗಳಿವೆ. 1987ರ ಕಾನ್‌ಸ್ಟಂಟ್ ಅಂಕಪದ್ಧತಿಯಲ್ಲಿ 100ರಲ್ಲಿ 65 ಅಂಕ ಪರೀಕ್ಷೆ ಮಾಡುವವರ ಕೈಯಲ್ಲಿರುತ್ತದೆ, ರೋಗಿಯ ಮಾತಿಗೆ 35 ಮಾತ್ರ. 1996ರಲ್ಲಿ ಬಂದ ಡ್ಯಾಶ್‌ನಲ್ಲಿ 30 ಪ್ರಶ್ನೆ. ಭುಜದಿಂದ ಬೆರಳಿನ ತುದಿಯವರೆಗೆ ಇಡೀ ತೋಳಿಗೆ ಅದು ಅನ್ವಯಿಸುತ್ತದೆ. ಅದರದೇ ಚಿಕ್ಕ ರೂಪದಲ್ಲಿ 11 ಪ್ರಶ್ನೆ. ಆದರೆ ಡ್ಯಾಶ್‌ಗೆ ಯಾವ ಕೈಯಲ್ಲಿ ಮಾಡಿದಿರಿ ಎನ್ನುವುದು ಮುಖ್ಯವಲ್ಲ. ಕೆಲಸ ಆಯಿತಾ ಇಲ್ಲವಾ ಎಂದಷ್ಟೇ ಕೇಳುತ್ತದೆ. ಅಕ್ಕ ಬಲಗೈಯವರು, ನೋವಿರುವುದು ಎಡ ಭುಜ. ಬಲಗೈ ಎಷ್ಟೋ ಕೆಲಸವನ್ನು ತಾನೇ ಸಂಭಾಳಿಸಿಬಿಡುತ್ತದೆ. ಎಡಗಡೆಯ ಕಷ್ಟ ಅಂಕದಲ್ಲಿ ಕಾಣದೇ ಹೋಗಬಹುದು ಎಂದು ಡ್ಯಾಶ್ ಬಿಟ್ಟೆವು.

ಆರಿಸಿದ್ದು ಸ್ಪಾಡಿ (SPADI), ಅಂದರೆ ಭುಜದ ನೋವು ಮತ್ತು ಅಸಾಮರ್ಥ್ಯದ ಸೂಚ್ಯಂಕ. 1991ರದ್ದು. 13 ಪ್ರಶ್ನೆ, ಐದು ನೋವಿನ ಬಗ್ಗೆ, ಎಂಟು ಕೆಲಸದ ಬಗ್ಗೆ. ಈಗ ಹೆಚ್ಚು ಬಳಕೆಯಲ್ಲಿರುವ ರೂಪದಲ್ಲಿ ಪ್ರತಿ ಪ್ರಶ್ನೆಗೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಸೊನ್ನೆ ಎಂದರೆ ಏನೂ ತೊಂದರೆ ಇಲ್ಲ. ಎರಡೂ ಭಾಗವನ್ನು ನೂರಕ್ಕೆ ಲೆಕ್ಕ ಹಾಕಿ ಸರಾಸರಿ ತೆಗೆಯಬೇಕು. ಅಂಕ ಜಾಸ್ತಿಯಾದಷ್ಟೂ ತೊಂದರೆ ಜಾಸ್ತಿ. ಐದೇ ನಿಮಿಷದ ಕೆಲಸ, ಲೆಕ್ಕ ಸುಲಭ. ಜಗತ್ತಿನ ಎಷ್ಟೋ ಭಾಷೆಗಳಲ್ಲಿ ಬಳಸುತ್ತಾರೆ.

ಇಂಥ ಪ್ರಶ್ನಾವಳಿಯಿಂದ ನಾವು ಎರಡು ಗುಣ ಬಯಸುತ್ತೇವೆ. ಒಂದು ವಿಶ್ವಾಸಾರ್ಹತೆ. ಭುಜ ಬದಲಾಗದಿದ್ದರೆ ಅಂಕವೂ ಬದಲಾಗಬಾರದು. ಇಂದು ಕೇಳಿದರೂ, ನಾಲ್ಕು ದಿನ ಬಿಟ್ಟು ಕೇಳಿದರೂ ಹತ್ತಿರ ಹತ್ತಿರ ಅದೇ ಬರಬೇಕು. ಇನ್ನೊಂದು ಸಿಂಧುತ್ವ. ನಾವು ಏನನ್ನು ಅಳೆಯುತ್ತಿದ್ದೇವೆ ಎಂದುಕೊಂಡಿದ್ದೇವೋ ಅದನ್ನೇ ಅದು ಅಳೆಯಬೇಕು. ಸ್ಪಾಡಿಯ ಮೂಲ ಅಧ್ಯಯನದಲ್ಲಿ ಮರುಪರೀಕ್ಷೆಯ ಹೊಂದಾಣಿಕೆ 0.64ರಿಂದ 0.66ರ ಆಸುಪಾಸಿನಲ್ಲಿತ್ತು (1 ಎಂದರೆ ಪೂರ್ತಿ ಹೊಂದಾಣಿಕೆ). ಅದೇನೂ ದೊಡ್ಡದಲ್ಲ. ಆಮೇಲಿನ ಹಲವು ಅಧ್ಯಯನಗಳಲ್ಲಿ ಅದು 0.9ರ ಹತ್ತಿರ ಬಂತು. ಹಾಗಾಗಿಯೇ ಇವತ್ತು ಸ್ಪಾಡಿಗೆ ಒಳ್ಳೆಯ ಹೆಸರಿದೆ.

ಮೂಲ ಅಧ್ಯಯನದ ಇನ್ನೊಂದು ವಿಷಯವನ್ನು ಎಲ್ಲರೂ ಗಮನಿಸಬೇಕು. ಅದರಲ್ಲಿದ್ದ 37 ರೋಗಿಗಳೂ ಗಂಡಸರು, ಅಮೆರಿಕದವರು. ಪ್ರಶ್ನೆಗಳಲ್ಲಿ ಅದು ಕಾಣುತ್ತದೆ. ಪ್ಯಾಂಟ್ ಹಾಕಿಕೊಳ್ಳಲು ಕಷ್ಟವೇ? ಮುಂದೆ ಗುಂಡಿ ಇರುವ ಅಂಗಿ? ಹಿಂದಿನ ಜೇಬಿನಿಂದ ಏನಾದರೂ ತೆಗೆಯಲು? ನಮ್ಮ ಕರಾವಳಿಯಲ್ಲಿ ಸೀರೆ ಉಟ್ಟು ಮೀನು ಮಾರುವ ಹೆಂಗಸಿಗೆ ಈ ಪ್ರಶ್ನೆ ಕೇಳಿದರೆ ಏನುತ್ತರ ಬರಬೇಕು?

ಮೊದಲ ಅಂಕ, ಎರಡನೇ ಅಂಕ

ಮಾರ್ಚ್ ತಿಂಗಳು. ಮೊದಲ ದಿನ ಹಾಳೆ ತುಂಬಿದ್ದು ಅಕ್ಕನ ಮಗ. ಓದು ಬರಹ ಅವನದೇ. ಒಳಗೆ ಕರೆಯುವ ಮೊದಲು, ಬೆಂಚಿನ ಮೇಲೆ ಕೂತು, ಒಂದೊಂದೇ ಪ್ರಶ್ನೆ ಓದಿ, ಅವ್ವ ಹೇಳಿದ ಅಂಕ ಬರೆದ. ಚಿಕಿತ್ಸೆ ಶುರುವಾಗುವ ಮೊದಲೇ ಇನ್ನೊಮ್ಮೆ ಕೇಳುವುದು ನಮ್ಮಲ್ಲಿ ರೂಢಿ. ನಾಲ್ಕಾರು ದಿನಗಳಲ್ಲಿ ಫ್ರೋಜನ್ ಶೋಲ್ಡರ್ ಬದಲಾಗುವುದಿಲ್ಲ. ಎರಡು ಅಂಕಗಳ ನಡುವೆ ವ್ಯತ್ಯಾಸ ಬಂದರೆ ಅದು ಭುಜದ್ದಲ್ಲ, ಅಳತೆಯದ್ದು ಎಂದು ತಿಳಿಯುತ್ತದೆ. ಎರಡನೇ ಸಲ ಕೇಳಿದ್ದು ನಮ್ಮ ಕೇಂದ್ರದ ನರ್ಸ್. ಅದೇ ಭಾಗದ ಹುಡುಗಿ, ಅದೇ ಮಾತಿನ ಧಾಟಿ. ಬಾಗಿಲು ಹಾಕಿಕೊಂಡು, ಇಬ್ಬರೇ ಕೂತು ಕೇಳಿದಳು.

ಮಗ ತುಂಬಿದ ಹಾಳೆಯಲ್ಲಿ ನೋವು 50ಕ್ಕೆ 35, ಕೆಲಸ 80ಕ್ಕೆ 32. ಅಂದರೆ 70 ಮತ್ತು 40. ಒಟ್ಟು ಅಂಕ 55. ನರ್ಸ್ ಕೇಳಿದಾಗ ಬಂದದ್ದು 78.

23 ಅಂಕದ ವ್ಯತ್ಯಾಸ. ಒಬ್ಬರ ಅಂಕದಲ್ಲಿ ಸುಮಾರು 18ಕ್ಕಿಂತ ಜಾಸ್ತಿ ಬದಲಾವಣೆ ಕಂಡರೆ ಅದು ಅಳತೆಯ ಏರುಪೇರಲ್ಲ, ನಿಜವಾದ ಬದಲಾವಣೆ ಎಂದು ತಿಳಿಯುವುದು ಸ್ಪಾಡಿಯ ಮಟ್ಟಿಗೆ ವಾಡಿಕೆ. ಇಲ್ಲಿ ಭುಜ ಒಂಚೂರೂ ಬದಲಾಗಿಲ್ಲ, ಅಂಕ ಆ ಗೆರೆಯನ್ನೂ ದಾಟಿತು. ಎರಡು ಹಾಳೆಯನ್ನೂ ಪಕ್ಕದಲ್ಲಿಟ್ಟು ಪ್ರಶ್ನೆಯಿಂದ ಪ್ರಶ್ನೆಗೆ ನೋಡಿದೆವು.

ಮೊದಲು ಕಂಡದ್ದು ಮೂರು ಸೊನ್ನೆ. ಪ್ಯಾಂಟ್, ಗುಂಡಿಯ ಅಂಗಿ, ಹಿಂದಿನ ಜೇಬು. ಅವ್ವನಿಗೆ ಇವು ಇಲ್ಲವೇ ಇಲ್ಲ, ಹಾಗಾಗಿ ಮಗ ಸೊನ್ನೆ ಬರೆದ. ಅವನ ಲೆಕ್ಕದಲ್ಲಿ ಅದು ಸರಿ. ಆದರೆ ಹಾಳೆಯ ಲೆಕ್ಕದಲ್ಲಿ ಸೊನ್ನೆ ಎಂದರೆ 'ಏನೂ ಕಷ್ಟವಿಲ್ಲದೆ ಮಾಡುತ್ತೇನೆ'. ಆ ಮೂರನ್ನು ತೆಗೆದು ಉಳಿದ ಐದು ಕೆಲಸಗಳಿಗೆ ಲೆಕ್ಕ ಹಾಕಿದರೆ 50ಕ್ಕೆ 32, ಅಂದರೆ 64. ಒಟ್ಟು ಅಂಕ 55ರಿಂದ 67ಕ್ಕೆ ಏರುತ್ತದೆ. ಅದೇ ಹೆಂಗಸು, ಅದೇ ದಿನ, ಅದೇ ಭುಜ. ಖಾಲಿ ಜಾಗವನ್ನು ಹೇಗೆ ಎಣಿಸಿದಿರಿ ಎನ್ನುವುದರ ಮೇಲೇ 12 ಅಂಕ ಆಚೀಚೆ. ಸ್ಪಾಡಿಯಲ್ಲಿ 8ರಿಂದ 13 ಅಂಕ ಇಳಿದರೆ ರೋಗಿಗೆ ಗೊತ್ತಾಗುವಷ್ಟು ಸುಧಾರಣೆ ಎನ್ನುತ್ತಾರೆ. ಇಲ್ಲಿ ಅಷ್ಟು ಅಂಕ ಬರೀ ಸೊನ್ನೆಗಳಿಂದಲೇ ಹೋಗಿತ್ತು.

ಉಳಿದ 11 ಅಂಕದ ಕಥೆ ಬೇರೆ. ಬಟ್ಟೆ ಹಾಕಿಕೊಳ್ಳುವುದು, ಬೆನ್ನು ತೊಳೆಯುವುದು, ತಲೆ ಮೀಯುವುದು. ರವಿಕೆ ತೊಡಿಸುವುದು, ತಲೆಗೆ ನೀರು ಹಾಕುವುದು ಸೊಸೆ. ಇದನ್ನು ಅಕ್ಕ ಮಗನ ಮುಂದೆ ಹೇಳುವುದಾದರೂ ಹೇಗೆ? "ಅವ್ನ ಮುಂದೆ ಎಂತ ಹೇಳೂದು ತಂಗಿ" ಎಂದು ನರ್ಸ್ ಹತ್ತಿರ ಅಂದರಂತೆ. ಪ್ರಶ್ನೆಗಳು ಅವೇ, ಉತ್ತರಿಸಿದವರೂ ಅವರೇ. ಬದಲಾದದ್ದು ಕೇಳಿದವರು ಮತ್ತು ಕೇಳಿದ ಜಾಗ. ಪುಸ್ತಕಗಳಲ್ಲಿ ಇದು 'ಪ್ರಶ್ನಾವಳಿ ಕೊಡುವ ವಿಧಾನ' ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ನಮ್ಮ ಕಡೆ ಮಗ, ಗಂಡ, ಅಳಿಯ ಹೀಗೆ ಯಾರಾದರೂ ಜೊತೆಗೆ ಬರುತ್ತಾರೆ, ಅವರೇ ಹಾಳೆ ತುಂಬುತ್ತಾರೆ. ಅದು ಪ್ರೀತಿಯಿಂದಲೇ. ಆದರೂ ಮೈಗೆ ಸಂಬಂಧಿಸಿದ ಪ್ರಶ್ನೆಗಳನ್ನು ಹೆಂಗಸರಿಗೆ ಹೆಂಗಸರೇ, ಒಬ್ಬರೇ ಇದ್ದಾಗ ಕೇಳಬೇಕು. ಇದರಲ್ಲಿ ರಾಜಿ ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ತೊಡಕನ್ನು ನರ್ಸ್ ಅಲ್ಲೇ ಹಿಡಿದಳು. ಕೈಯನ್ನು ಕತ್ತಿನ ಹಿಂದೆ ಮುಟ್ಟಿಸಲು ಎಷ್ಟು ನೋವು, ಹತ್ತಕ್ಕೆ ಎಷ್ಟು ಕೊಡುತ್ತೀರಿ ಎಂದದ್ದಕ್ಕೆ ಅಕ್ಕ "ಎರಡು" ಎಂದರು. ಆದರೆ ಅವತ್ತು ಅವರ ತುರುಬು ಕಟ್ಟಿದ್ದು ಸೊಸೆ. ಹತ್ತಕ್ಕೆ ಎರಡು ಅಂದರೆ ಅವರ ಮನಸ್ಸಿನಲ್ಲಿ ಶಾಲೆಯ ಮಾರ್ಕು. ಹತ್ತಕ್ಕೆ ಹತ್ತು ಬಂದರೆ ಪಾಸು, ಎರಡು ಬಂದರೆ ಫೇಲು. ಮಕ್ಕಳ ಮಾರ್ಕ್ಸ್‌ ಕಾರ್ಡ್ ನೋಡಿ ಬೆಳೆಸಿದ ಯಾರಿಗೂ ಜಾಸ್ತಿ ಅಂಕ ಒಳ್ಳೆಯದೇ ಅನಿಸುತ್ತದೆ. ಪ್ರಶ್ನಾವಳಿಗಳೂ ಇದರಲ್ಲಿ ಒಂದೇ ದಾರಿ ಹಿಡಿದಿಲ್ಲ. ಆಕ್ಸ್‌ಫರ್ಡ್ ಭುಜ ಅಂಕದಲ್ಲಿ 12 ಪ್ರಶ್ನೆ. ಮೊದಲು ಅದು 12ರಿಂದ 60ರವರೆಗೆ ಇದ್ದು, ಜಾಸ್ತಿ ಎಂದರೆ ಕೆಟ್ಟದ್ದು. ಆಮೇಲೆ 0ರಿಂದ 48 ಮಾಡಿ, ಜಾಸ್ತಿ ಎಂದರೆ ಒಳ್ಳೆಯದು ಎಂದು ತಿರುಗಿಸಿದರು. ಓದಿದವರೇ ಇದರಲ್ಲಿ ಎಡವುತ್ತಾರೆ. ನರ್ಸ್ ಅಂಕ ಕೇಳುವುದನ್ನು ನಿಲ್ಲಿಸಿ ಮೊದಲು ಮಾತಲ್ಲಿ ಕೇಳಿದಳು: ಏನೂ ನೋವಿಲ್ವಾ, ಸ್ವಲ್ಪವಾ, ಜಾಸ್ತಿಯಾ, ತಡೆಯುವುದಕ್ಕೇ ಆಗೋದಿಲ್ವಾ? ಆಮೇಲೆ ಅಂಕಕ್ಕೆ ಬಂದಳು. ಎರಡು ಹೋಗಿ ಎಂಟಾಯಿತು.

ಹಾಳೆಯನ್ನು ಏನು ಮಾಡಬೇಕು?

ಇಲ್ಲಿ ನಮ್ಮೊಳಗೇ ಚರ್ಚೆ ನಡೆಯಿತು. ಜೇಬಿನ ಪ್ರಶ್ನೆ ತೆಗೆದು ಸೀರೆಯ ಹಿಂಭಾಗ ಸಿಕ್ಕಿಸಿಕೊಳ್ಳುವುದನ್ನು ಹಾಕೋಣ ಎಂದು ಒಬ್ಬರು. ಕೇಳಲು ಚೆನ್ನಾಗಿದೆ. ಆದರೆ ಹಾಗೆ ಒಂದೊಂದೇ ಬದಲಿಸುತ್ತಾ ಹೋದರೆ ಅದು ಸ್ಪಾಡಿಯಾಗಿ ಉಳಿಯುವುದಿಲ್ಲ. 18, 8, 13 ಮುಂತಾದ ಅಳತೆಗೋಲುಗಳೆಲ್ಲ ಮೂಲ ಪ್ರಶ್ನೆಗಳಿಗೆ ಸೇರಿದವು. ನಮ್ಮದೇ ಪ್ರಶ್ನೆಗೆ ಅವನ್ನು ಹಚ್ಚುವಂತಿಲ್ಲ.

ಕೊನೆಗೆ ನಡುವಿನ ದಾರಿ ಹಿಡಿದೆವು. ಚಲನೆ ಅದೇ ಆಗಿದ್ದರೆ ಮಾತ್ರ ಬಟ್ಟೆ ಬದಲಿಸಬಹುದು. ತಲೆಯ ಮೇಲಿಂದ ಹಾಕುವ ಬನಿಯನ್ನಿನ ಜಾಗಕ್ಕೆ ನೈಟಿ. ಮುಂದೆ ಗುಂಡಿಯ ಅಂಗಿಗೆ ಮುಂದೆ ಹುಕ್ಕಿನ ರವಿಕೆ. ಪ್ಯಾಂಟ್ ಮತ್ತು ಜೇಬು ಎರಡನ್ನೂ 'ಅನ್ವಯಿಸುವುದಿಲ್ಲ' ಎಂದು ಬಿಡುವುದು. ಎರಡರವರೆಗೆ ಬಿಟ್ಟರೆ ಉಳಿದವುಗಳ ಮೇಲೆ ಲೆಕ್ಕ ಹಾಕಬಹುದು, ಅದಕ್ಕಿಂತ ಜಾಸ್ತಿ ಬಿಟ್ಟರೆ ಒಟ್ಟು ಅಂಕ ಹಾಕಬಾರದು ಎನ್ನುವುದು ಸ್ಪಾಡಿಯ ವಾಡಿಕೆ. ನರ್ಸ್ ತೆಗೆದ 78 ಹಾಗೆ ಬಂದದ್ದು: ನೋವು 50ಕ್ಕೆ 38, ಕೆಲಸ 60ಕ್ಕೆ 48.

ಅದಾದ ಮೇಲೂ ಒಂದು ಕೊರತೆ ಉಳಿಯಿತು. ಭಾರ ಹೊರುವ ಪ್ರಶ್ನೆಯಲ್ಲಿ ಸ್ಪಾಡಿ ಕೇಳುವುದು 10 ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಕೆಜಿ. ಅಕ್ಕನ ಬುಟ್ಟಿ ಅದರ ಎಷ್ಟೋ ಪಟ್ಟು. ಅಷ್ಟಾದರೂ ಬುಟ್ಟಿ ತಲೆಗೆ ಏರಿದ ಮೇಲೆ ಅವರಿಗೆ ತೊಂದರೆಯೇ ಇಲ್ಲ. ಭಾರ ಕತ್ತು, ಬೆನ್ನಿಗೆ ಹೋಗುತ್ತದೆ. ಕಷ್ಟ ಇರುವುದು ಏರಿಸುವ ಆ ಕ್ಷಣದಲ್ಲಿ, ಮತ್ತು ಒಂದೊಂದು ಮನೆಯ ಮುಂದೆಯೂ ಇಳಿಸಿ ಮತ್ತೆ ಏರಿಸುವಾಗ. ದಕ್ಕೆಯಲ್ಲಿ ಪಕ್ಕದವರು ಕೈ ಕೊಡುತ್ತಾರೆ, ಗಿರಾಕಿ ಮನೆಯಲ್ಲಿ ಯಾರು ಕೊಡುತ್ತಾರೆ? ಅವರ ಸಂಪಾದನೆ ನಿಂತಿರುವುದೇ ಆ ಒಂದು ಚಲನೆಯ ಮೇಲೆ. ಹದಿಮೂರು ಪ್ರಶ್ನೆಗಳಲ್ಲಿ ಅದಿಲ್ಲ. ವಿಷಯದ ಸಿಂಧುತ್ವ ಎನ್ನುವುದು ಇದನ್ನೇ. ರೋಗಿಯ ಬದುಕಿಗೆ ಮುಖ್ಯವಾದದ್ದು ಪ್ರಶ್ನೆಗಳಲ್ಲಿ ಇದೆಯಾ? ಪ್ರಶ್ನಾವಳಿಗಳ ಗುಣಮಟ್ಟ ತೂಗುವ ಕಾಸ್ಮಿನ್ ಮಾರ್ಗಸೂಚಿ ಉಳಿದೆಲ್ಲ ಗುಣಕ್ಕಿಂತ ಇದನ್ನೇ ಮೇಲೆ ಇಡುತ್ತದೆ.

ಅದಕ್ಕೆ ಸ್ಪಾಡಿಯ ಜೊತೆ ಇನ್ನೊಂದು ಅಳತೆ ಸೇರಿಸಿದೆವು. 1995ರಲ್ಲಿ ಬಂದ ಇದರಲ್ಲಿ ಸಿದ್ಧ ಪ್ರಶ್ನೆಗಳೇ ಇಲ್ಲ. ತನಗೆ ಕಷ್ಟವಾಗುವ ಕೆಲಸಗಳನ್ನು ರೋಗಿಯೇ ಹೆಸರಿಸಬೇಕು, ಒಂದೊಂದಕ್ಕೂ ಹತ್ತಕ್ಕೆ ಅಂಕ ಕೊಡಬೇಕು. ಸೊನ್ನೆ ಎಂದರೆ ಆಗುವುದೇ ಇಲ್ಲ, ಹತ್ತು ಎಂದರೆ ಮೊದಲಿನಂತೆ ಆಗುತ್ತದೆ. ಅಕ್ಕನ ಮಾರ್ಕಿನ ಲೆಕ್ಕಕ್ಕೆ ಇದು ಸರಿಯಾಗಿ ಹೊಂದಿತು. ಅವರು ಹೇಳಿದ್ದು ಮೂರು: ಬುಟ್ಟಿ ತಲೆಗೆ ಏರಿಸುವುದು 1, ತುರುಬು ಕಟ್ಟುವುದು 2, ಬಾವಿಯಿಂದ ನೀರು ಸೇದುವುದು 3. ಸರಾಸರಿ 2. ಸರಾಸರಿಯಲ್ಲಿ 2 ಅಂಕಕ್ಕಿಂತ ಜಾಸ್ತಿ ಬದಲಾದರೆ ಅದನ್ನು ನಂಬಬಹುದು.

ಜೂನ್ ತಿಂಗಳ ಅಂಕ

ಜೂನ್ ಮೊದಲ ವಾರ ಕಳೆದ ಮೇಲೆ ಅಕ್ಕ ಬಂದಾಗ ಸ್ಪಾಡಿ ಅಂಕ 40. 78ರಿಂದ 40. ಯಾವ ಅಳತೆಗೋಲು ಹಿಡಿದರೂ ಇದು ಭಾರೀ ಸುಧಾರಣೆ. ರಾತ್ರಿ ನೋವೂ ಕಮ್ಮಿ ಎಂದರು. ಮಗನಿಗೆ ಖುಷಿ. "ಇನ್ನು ಬರೋದು ಬೇಡ ಅಲ್ವಾ ಡಾಕ್ಟ್ರೇ?" ಎಂದು ಕೇಳಿದ. ಇಷ್ಟು ಇಳಿದಿರುವಾಗ ಇಂಜೆಕ್ಷನ್ ಬೇಕೇ ಎಂದು ವೈದ್ಯರೂ ಯೋಚಿಸಿದರು.

ಆದರೆ ಕೋನ ಅಳೆದರೆ ಕೈ ಹೊರಗೆ ತಿರುಗುತ್ತಿದ್ದದ್ದು 15 ಡಿಗ್ರಿ. ಮುಂದೆ ಎತ್ತಿದರೆ ಮೊದಲು 90, ಈಗ 100. ಅಳೆಯುವವರ ಕೈ ಬದಲಾದರೂ ಅಷ್ಟು ವ್ಯತ್ಯಾಸ ಬರುತ್ತದೆ. ಭುಜ ಇದ್ದಲ್ಲೇ ಇತ್ತು. ಹಾಗಾದರೆ ಅಂಕ ಇಳಿದದ್ದು ಎಲ್ಲಿಂದ?

ಕರಾವಳಿಯವರಿಗೆ ಉತ್ತರ ಆಗಲೇ ಹೊಳೆದಿರಬೇಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡದಲ್ಲಿ. ಅಕ್ಕ ಬುಟ್ಟಿ ಎತ್ತದೆ, ಒಂದೇ ಕಡೆ ಕೂತು ಒಣಮೀನು ಮಾರುತ್ತಿದ್ದರು. ಸ್ಪಾಡಿ ಕೇಳುವುದು ಕಳೆದ ಒಂದು ವಾರದ್ದು. ಆ ವಾರ ಅವರ ಭುಜಕ್ಕೆ ಕೆಲಸವೇ ಇರಲಿಲ್ಲ.

ನರ್ಸ್ ಮತ್ತೆ ಹಾಳೆ ಹಿಡಿದು ಪ್ರತಿ ಪ್ರಶ್ನೆಗೂ ಮೊದಲು ಒಂದು ಮಾತು ಸೇರಿಸಿದಳು: "ಈ ವಾರ ನೀವೇ ಮಾಡಿದ್ರಾ ಅಕ್ಕಾ?" ಎತ್ತರದಲ್ಲಿ ಇಡುವುದು, ಇಲ್ಲ. ಭಾರ ಹೊರುವುದು, ಇಲ್ಲ. ತಲೆ ಮೀಯುವುದು, ಸೊಸೆ. ನೋವಿನ ಮಗ್ಗುಲಿಗೆ ಮಲಗುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಕಷ್ಟ ಇಲ್ಲ ಎಂದದ್ದರಲ್ಲಿ ಬಹುಪಾಲು, ಮಾಡಿಲ್ಲ ಎನ್ನುವುದೇ ಆಗಿತ್ತು. ಮಾಡದ ಕೆಲಸಗಳನ್ನು ತೆಗೆದರೆ ಬಿಟ್ಟ ಪ್ರಶ್ನೆಗಳು ಎರಡಕ್ಕಿಂತ ಜಾಸ್ತಿ. ಅಂದರೆ ಆ ದಿನಕ್ಕೆ ಒಟ್ಟು ಅಂಕವನ್ನೇ ಹಾಕುವಂತಿಲ್ಲ. 40ನ್ನು ಕಡತದಲ್ಲಿ ಹಾಗೇ ಉಳಿಸಿ, ಪಕ್ಕದಲ್ಲಿ 'ಹೋಲಿಕೆಗೆ ಬಳಸಬಾರದು' ಎಂದು ಕಾರಣ ಸಮೇತ ಬರೆದೆವು.

ತೀರ್ಮಾನ ತಿರುಗಿದ್ದು ಇಲ್ಲಿಯೇ. ಆ 40ನ್ನು ನಂಬಿದ್ದರೆ ಅಕ್ಕ ಮನೆಗೆ ಹೋಗುತ್ತಿದ್ದರು, ಆಗಸ್ಟ್‌ನಲ್ಲಿ ಬೋಟು ಹೊರಟ ದಿನ ಅದೇ ಹಿಡಿದ ಭುಜದಲ್ಲಿ ಬುಟ್ಟಿ ಎತ್ತಬೇಕಿತ್ತು. ನಾವು ಮಗನನ್ನೂ ಕೂರಿಸಿಕೊಂಡು, ಅಳೆದ ಕೋನಗಳನ್ನು ತೋರಿಸಿ, ನೋವು ಕಮ್ಮಿಯಾಗಲು ಕಾರಣ ಏನು ಎಂದು ವಿವರಿಸಿದೆವು. ಈ ಎರಡು ತಿಂಗಳು ಸಂಪಾದನೆ ಹೇಗೂ ಕಡಿಮೆ, ಆದರೆ ಸಮಯ ಇದೆ. ಅಷ್ಟರಲ್ಲಿ ಸಕ್ಕರೆಯೂ ಹತೋಟಿಗೆ ಬಂದಿತ್ತು. ವೈದ್ಯರು ಇಂಜೆಕ್ಷನ್ ಕೊಟ್ಟರು. ಮುಂದಿನ ಕೆಲವು ದಿನ ಸಕ್ಕರೆ ಪರೀಕ್ಷೆ ಮಾಡಿಸಿದೆವು. ನೋವು ತಗ್ಗಿದ ಮೇಲೆ ಕೈ ಚಾಚುವ, ತಿರುಗಿಸುವ ವ್ಯಾಯಾಮ ಜೋರಾಗಿ ನಡೆಯಿತು. ಮಳೆಯಲ್ಲೂ ಅಕ್ಕ ತಪ್ಪದೆ ಬಂದರು.

ಆಗಸ್ಟ್

ಆಗಸ್ಟ್ ಕೊನೆಗೆ ಅಕ್ಕ ಮತ್ತೆ ಬುಟ್ಟಿ ಹೊರುತ್ತಿದ್ದರು. ಹೊರಗೆ ತಿರುಗುವ ಕೋನ 40 ಡಿಗ್ರಿ, ಮುಂದೆ ಎತ್ತುವುದು 140. ಅವರೇ ಹೆಸರಿಸಿದ ಮೂರು ಕೆಲಸಗಳಲ್ಲಿ ಬುಟ್ಟಿ ಏರಿಸುವುದು 6, ತುರುಬು 8, ನೀರು ಸೇದುವುದು 7. ಸರಾಸರಿ 2ರಿಂದ 7ಕ್ಕೆ. ತುರುಬನ್ನು ತಾವೇ ಕಟ್ಟಿಕೊಂಡು ಬಂದಿದ್ದರು.

ಸ್ಪಾಡಿ ಅಂಕ 43.

ಎರಡು ಅಂಕವನ್ನಷ್ಟೇ ನೋಡುವವರಿಗೆ ಜೂನ್‌ನಲ್ಲಿ 40 ಇದ್ದದ್ದು ಆಗಸ್ಟ್‌ನಲ್ಲಿ 43 ಆಯಿತು, ಇಂಜೆಕ್ಷನ್ನು, ವ್ಯಾಯಾಮ ಎಲ್ಲ ಸುಮ್ನೆ ಎನಿಸುತ್ತದೆ. ಜೂನ್‌ನ ಅಂಕ ಕೆಲಸವಿಲ್ಲದ ಭುಜದ್ದು. ಆಗಸ್ಟ್‌ನದ್ದು ದಿನವಿಡೀ ಬುಟ್ಟಿ ಏರಿಸಿ ಇಳಿಸಿದ ಭುಜದ್ದು. ಹೋಲಿಸಬೇಕಾದದ್ದು ಮಾರ್ಚ್‌ನ 78ರ ಜೊತೆ, ಅವರು ಕೆಲಸದಲ್ಲಿದ್ದ ದಿನಗಳ ಜೊತೆ. ಹಾಗೆ ಹೋಲಿಸಿದರೆ 35 ಅಂಕದ ಇಳಿಕೆ. ಕೋನವೂ ಅದನ್ನೇ ಹೇಳುತ್ತದೆ, ಅವರ ಮೂರು ಕೆಲಸಗಳೂ ಅದನ್ನೇ ಹೇಳುತ್ತವೆ.

ಎಷ್ಟು ವಾಸಿ ಎಂದು ಅಂಕವಿಲ್ಲದೆಯೂ ಕೇಳಿದೆವು. "ರೂಪಾಯಿಗೆ ಹನ್ನೆರಡಾಣೆ ಕಮ್ಮಿಯಾಗಿದೆ" ಎಂದರು. ಹದಿನಾರಾಣೆಯ ಈ ಲೆಕ್ಕ ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಇದೆ. ಅದರಲ್ಲಿ ದಿಕ್ಕು ತಪ್ಪುವ ಭಯವಿಲ್ಲ. ಪ್ರಶ್ನಾವಳಿಯ ಅಂಕವನ್ನು ಒರೆಗೆ ಹಚ್ಚಲು ಸಂಶೋಧಕರೂ ಇಂಥದೇ ಒಂದು ಒಟ್ಟು ಪ್ರಶ್ನೆ ಬಳಸುತ್ತಾರೆ. ನಮ್ಮಲ್ಲಿ ಅದು ಆಗಲೇ ಆಡುಮಾತಿನಲ್ಲಿ ಸಿದ್ಧವಾಗಿದೆ.

ಈ ಪ್ರಕರಣದಿಂದ ಮುಂದಕ್ಕೆ

ಸ್ಪಾಡಿ ಕೆಟ್ಟದ್ದು ಎಂದು ಯಾರೂ ತಿಳಿಯಬಾರದು. ಸರಿಯಾಗಿ ಕೇಳಿದಾಗ ಅದು ಸರಿಯಾಗಿಯೇ ಉತ್ತರಿಸಿತು. ಆದರೆ ವಿಶ್ವಾಸಾರ್ಹತೆ, ಸಿಂಧುತ್ವ ಎರಡೂ ಹಾಳೆಯ ಜೊತೆ ಅಂಟಿಕೊಂಡು ಬರುವುದಿಲ್ಲ. ಯಾರಿಗೆ, ಯಾರು, ಯಾವ ಮಾತಿನಲ್ಲಿ, ಯಾವ ವಾರದಲ್ಲಿ ಕೇಳಿದರು ಎನ್ನುವುದರ ಮೇಲೆ ಅವು ಪ್ರತಿ ಸಲ ಹೊಸದಾಗಿ ನಿಲ್ಲುತ್ತವೆ. ಇದು ಮೀನು ಮಾರುವವರ ವಿಷಯ ಮಾತ್ರ ಅಲ್ಲ. ಶಿರಸಿ, ಸಿದ್ದಾಪುರದ ಕಡೆ ದೋಟಿ ಹಿಡಿದು ಅಡಿಕೆ ಕೊನೆ ಕೊಯ್ಯುವವರ ಭುಜವನ್ನು ಕೊಯ್ಲಿನ ನಡುವೆ ಕೇಳಿದರೆ ಒಂದು ಅಂಕ, ಕೊಯ್ಲು ಮುಗಿದ ಮೇಲೆ ಕೇಳಿದರೆ ಇನ್ನೊಂದು ಅಂಕ ಬರುವುದು ಸಹಜ.

ಈಗ ನಮ್ಮ ಹಾಳೆಯಲ್ಲಿ ಪ್ರತಿ ಪ್ರಶ್ನೆಯ ಪಕ್ಕ 'ಈ ವಾರ ಮಾಡಿದ್ದೀರಾ' ಎಂಬ ಕಾಲಂ ಇದೆ. ಮೇಲೆ ಯಾರು ಕೇಳಿದರು, ಜೊತೆಗೆ ಯಾರಿದ್ದರು, ಈಗ ಕೆಲಸ ನಡೆಯುತ್ತಿದೆಯಾ ಎಂದು ಬರೆಯುತ್ತೇವೆ. ಇದು ಒಂದು ಕೇಂದ್ರದ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು, ಪರೀಕ್ಷಿಸಿದ ಪ್ರಶ್ನಾವಳಿಯಲ್ಲ. ಪರೀಕ್ಷೆ ಮಾಡುವ ಕ್ರಮ ಬೇರೆಯೇ ಇದೆ. ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರಬೇಕು, ಎರಡನ್ನೂ ಸೇರಿಸಬೇಕು. ಮೂಲ ನೋಡದ ಇನ್ನಿಬ್ಬರು ಅದನ್ನು ಇಂಗ್ಲಿಷಿಗೆ ತಿರುಗಿಸಬೇಕು. ತಜ್ಞರು ಕೂತು ಹೋಲಿಸಿ, 30ರಿಂದ 40 ರೋಗಿಗಳಿಗೆ ಕೊಟ್ಟು, ಅವರು ಏನೆಂದು ಅರ್ಥ ಮಾಡಿಕೊಂಡರು ಎಂದು ಕೇಳಬೇಕು. ಮರುಪರೀಕ್ಷೆಗೆ ಕನಿಷ್ಠ 50 ಜನ ಇದ್ದರೆ ಒಳ್ಳೆಯದು. ಕಾರವಾರದ ಕಡೆ ಕೊಂಕಣಿ ಮನೆಮಾತಿನವರೂ ತುಂಬಾ ಇದ್ದಾರೆ, ಅವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಮ್ಮ ಜಿಲ್ಲೆಯಲ್ಲಿ ಯಾರಾದರೂ ಆ ಕೆಲಸಕ್ಕೆ ಕೈ ಹಾಕುವುದಾದರೆ ಎರಡು ಕೋರಿಕೆ. ಆರಿಸುವ ರೋಗಿಗಳಲ್ಲಿ ಕನಿಷ್ಠ ಅರ್ಧದಷ್ಟು ಹೆಂಗಸರಿರಲಿ. ಮರುಪರೀಕ್ಷೆಯ ಎರಡು ದಿನಗಳಲ್ಲಿ ಒಂದು ಮೇ ಕೊನೆಗೆ, ಇನ್ನೊಂದು ಜೂನ್ ಮೊದಲಿಗೆ ಬೀಳದಂತೆ ನೋಡಿಕೊಳ್ಳಲಿ.